ಕಂಪ್ಯೂಟರ್ ಕ್ಷೇತ್ರ ನಿಮಗೆ ಆಗಿಬರುತ್ತದೆಯೇ? ಸೀಟು ಹಿಡಿಯುವ ಮೊದಲೇ ಮಾಡಿ ನೋಡಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮರುದಿನದಿಂದ ಮಂಗಳೂರಿನ ಮನೆಗಳಲ್ಲಿ ಒಂದೇ ಮಾತು: ‘ಕಂಪ್ಯೂಟರ್ ಸಾಯನ್ಸ್ ಸಿಗ್ತದಾ?’ ಸಿಇಟಿ ರ್‍ಯಾಂಕ್ ಎಷ್ಟು, ಅಡ್ಯಾರಿನ ಕಾಲೇಜಿನಲ್ಲಿ ಸಿಗಬಹುದೇ, ವಾಮಂಜೂರಿನದರಲ್ಲಾದರೂ ಸಿಗಬಹುದೇ, ನಿಟ್ಟೆಯೋ ಮೂಡುಬಿದಿರೆಯೋ ಎಂದು ಶುರುವಾದ ಲೆಕ್ಕ ಮ್ಯಾನೇಜ್‌ಮೆಂಟ್ ಸೀಟಿಗೆ ಎಷ್ಟು ಹಣ ಹೊಂದಿಸಬೇಕು ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಬಿಎಸ್ಸಿ ಮುಗಿಸುತ್ತಿರುವವರಿಗೆ ಎಂಸಿಎ ಮಾಡಬೇಕೋ ಬೇಡವೋ ಎಂಬ ಚಿಂತೆ. ಬಿಸಿಎ ಎರಡನೇ ವರ್ಷದಲ್ಲಿರುವ ಎಷ್ಟೋ ಮಂದಿಗೆ, ಇದು ತನಗಾಗಿ ಇರುವುದಲ್ಲವೇನೋ ಎಂಬ ಅಳುಕು. ಆ ಅಳುಕನ್ನು ಅವರು ಮನೆಯಲ್ಲಿ ಹೇಳುವುದಿಲ್ಲ.

ಸೀಟು ಸಿಗುತ್ತದೆಯೇ ಎಂಬುದಕ್ಕೆ ಉತ್ತರ ಕೊಡಲು ಊರು ತುಂಬ ಜನರಿದ್ದಾರೆ. ನನ್ನಿಂದ ಇದು ಆಗುತ್ತದೆಯೇ, ನನಗೆ ಇದು ಹಿಡಿಸುತ್ತದೆಯೇ ಎಂದು ತಿಳಿದುಕೊಳ್ಳುವ ದಾರಿಯನ್ನು ಹೇಳಿಕೊಡುವವರು ಕಡಿಮೆ. ಹೆಚ್ಚು ಖರ್ಚಿಲ್ಲದೆ, ಒಂದೆರಡು ತಿಂಗಳಲ್ಲಿ ಅದನ್ನು ಹೇಗೆ ತಿಳಿಯಬಹುದು ಎಂಬುದನ್ನು ಇಲ್ಲಿ ನೋಡೋಣ.

ಈ ಒಲವು ಎಲ್ಲಿಂದ ಬಂತು?

ಕರಾವಳಿಯ ಮನೆಗಳಿಗೆ ‘ಒಳ್ಳೆಯ ಕೆಲಸ’ ಎಂದರೆ ಬಹಳ ಕಾಲ ಬ್ಯಾಂಕಿನ ಕೆಲಸವಾಗಿತ್ತು. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್. ಆಮೇಲೆ 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್. ಕಾಮರ್ಸ್ ಓದಿ ಬ್ಯಾಂಕ್ ಪರೀಕ್ಷೆ ಬರೆದವರ ಮನೆಯಲ್ಲಿ ಎರಡು ತಲೆಮಾರು ನೆಮ್ಮದಿಯಾಗಿ ಬದುಕಿತು. ವಿಜಯಾ ಬ್ಯಾಂಕ್ 2019ರಲ್ಲಿ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳೊಳಗೆ ವಿಲೀನವಾದವು. ಅಷ್ಟರೊಳಗೆ ಮನೆಯವರ ಕಣ್ಣು ಬೇರೆ ಕಡೆ ಹೊರಳಿಯಾಗಿತ್ತು. 1990ರ ದಶಕದಲ್ಲೇ ಇನ್ಫೋಸಿಸ್ ಮಂಗಳೂರಿಗೆ ಬಂದಿತ್ತು, ಮುಂದೆ ಮುಡಿಪು ಬಳಿಯ ಕಂಬಳಪದವಿನ ಗುಡ್ಡದ ಮೇಲೆ ದೊಡ್ಡ ಆವರಣ ಕಟ್ಟಿತು. ಉಡುಪಿಯಲ್ಲಿ 1996ರಲ್ಲಿ ರೋಬೋಸಾಫ್ಟ್ ಶುರುವಾಯಿತು. 1960ರಲ್ಲಿ ಆರಂಭವಾದ ಸುರತ್ಕಲ್ಲಿನ ಕೆಆರ್‌ಇಸಿ 2002ರಲ್ಲಿ ಎನ್‌ಐಟಿಕೆ ಆಯಿತು. ಅದೇ ಹೊತ್ತಿನಲ್ಲಿ ನಗರದ ಸುತ್ತ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳು ಒಂದೊಂದಾಗಿ ಎದ್ದವು.

ಇದನ್ನು ಹೇಳಲು ಕಾರಣವಿದೆ. ಮಗಳು ಕಂಪ್ಯೂಟರ್ ಸಾಯನ್ಸ್ ತೆಗೆದುಕೊಳ್ಳಲಿ ಎಂದು ಅಪ್ಪ ಹೇಳುವಾಗ ಅವರ ಮನಸ್ಸಿನಲ್ಲಿರುವುದು ಹೆಚ್ಚಾಗಿ ಆ ಹಳೆಯ ಬ್ಯಾಂಕಿನ ಕೆಲಸದ ಭದ್ರತೆಯೇ. ನೆರಳಿನಲ್ಲಿ ಕೂತು ಮಾಡುವ ಕೆಲಸ, ತಿಂಗಳಿಗೆ ಸರಿಯಾಗಿ ಸಂಬಳ, ಹೆಣ್ಣುಮಕ್ಕಳಿಗೂ ಗೌರವದ ಜಾಗ. ಅಪ್ಪನ ಕಾಳಜಿಯಲ್ಲಿ ತಪ್ಪಿಲ್ಲ. ಆದರೆ ಬ್ಯಾಂಕಿಗೆ ಒಮ್ಮೆ ಸೇರಿದರೆ ನಿವೃತ್ತಿಯವರೆಗೆ ದಾರಿ ಗೊತ್ತಿರುತ್ತಿತ್ತು. ಸಾಫ್ಟ್‌ವೇರಿನಲ್ಲಿ ಐದು ವರ್ಷಕ್ಕೊಮ್ಮೆ ಹೊಸದಾಗಿ ಕಲಿಯಬೇಕು, ಕಲಿಯದವರು ಹಿಂದೆ ಉಳಿಯುತ್ತಾರೆ. ಈ ವ್ಯತ್ಯಾಸ ಮನೆಯ ಚರ್ಚೆಯಲ್ಲಿ ಬರುವುದೇ ಇಲ್ಲ.

ಮಾಡಿ ನೋಡುವುದೇ ಯಾಕೆ?

ವಿದ್ಯಾರ್ಥಿಗಳು ವೃತ್ತಿಯನ್ನು ಹೇಗೆ ಆಯ್ದುಕೊಳ್ಳುತ್ತಾರೆ ಎಂಬುದರ ಬಗ್ಗೆ ರಾಬರ್ಟ್ ಲೆಂಟ್, ಸ್ಟೀವನ್ ಬ್ರೌನ್, ಗೇಲ್ ಹ್ಯಾಕೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು 1994ರಲ್ಲಿ ಒಂದು ಸಿದ್ಧಾಂತ ಮುಂದಿಟ್ಟರು. ಅದರ ತಿರುಳು ಇಷ್ಟು: ಇದು ನನ್ನಿಂದ ಆಗುತ್ತದೆ ಎಂಬ ನಂಬಿಕೆ ಮತ್ತು ಇದರಿಂದ ನನಗೆ ಒಳ್ಳೆಯದಾಗುತ್ತದೆ ಎಂಬ ನಿರೀಕ್ಷೆ, ಇವೆರಡೂ ಸೇರಿ ಆಸಕ್ತಿಯನ್ನು ಬೆಳೆಸುತ್ತವೆ. ಮನೆ, ಹಣ, ಊರು, ಗೆಳೆಯರು ಆ ಆಸಕ್ತಿಗೆ ದಾರಿ ಬಿಡುತ್ತಾರೆ ಅಥವಾ ಅಡ್ಡ ನಿಲ್ಲುತ್ತಾರೆ. ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಹುಟ್ಟುವ ಬಗೆಯನ್ನು ಅವರಿಗಿಂತ ಮೊದಲೇ, 1977ರಲ್ಲಿ, ಆಲ್ಬರ್ಟ್ ಬಂಡೂರ ವಿವರಿಸಿದ್ದರು. ಬೇರೆಯವರ ಹೊಗಳಿಕೆ, ನಮ್ಮಂಥವರು ಗೆದ್ದದ್ದನ್ನು ನೋಡುವುದು, ಎಲ್ಲವೂ ಅಷ್ಟಿಷ್ಟು ಸಹಾಯ ಮಾಡುತ್ತವೆ. ಎಲ್ಲಕ್ಕಿಂತ ಗಟ್ಟಿಯಾದದ್ದು ತಾನೇ ಮಾಡಿ ಮುಗಿಸಿದ ಅನುಭವ.

ನಮ್ಮಲ್ಲಿ ಆಗುವುದು ಇದರ ತಿರುವುಮುರುವು. ಸಂಬಳದ ನಿರೀಕ್ಷೆ ಎಂಟನೇ ತರಗತಿಯಿಂದಲೇ ತಲೆಯಲ್ಲಿ ತುಂಬಿರುತ್ತದೆ, ಮಾಡಿ ನೋಡಿದ ಅನುಭವ ಮಾತ್ರ ಸೊನ್ನೆ. ಹಾಗಾಗಿ ಮೊದಲ ಸೆಮಿಸ್ಟರಿನಲ್ಲಿ ಪ್ರೋಗ್ರಾಂ ಓಡದಿದ್ದಾಗ ನಿರೀಕ್ಷೆಯೂ ಧೈರ್ಯವೂ ಒಟ್ಟಿಗೇ ಕುಸಿಯುತ್ತವೆ.

ಇನ್ನೊಂದು ಸಂಗತಿಯನ್ನು ಹೆಣ್ಣುಮಕ್ಕಳೂ ಕನ್ನಡ ಮಾಧ್ಯಮದಿಂದ ಬಂದವರೂ ಗಮನಿಸಬೇಕು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸಾಯನ್ಸ್ ಪದವಿಗೆ ಸೇರುವವರ ಪೈಕಿ ಹುಡುಗಿಯರು 1995ರಲ್ಲಿ ಶೇ 7 ಮಾತ್ರ ಇದ್ದರು, 2000ಕ್ಕೆ ಶೇ 42 ಆದರು. ಜೇನ್ ಮಾರ್ಗೊಲಿಸ್ ಮತ್ತು ಆಲನ್ ಫಿಶರ್ ಅಲ್ಲಿ ನಡೆಸಿದ ಅಧ್ಯಯನದಲ್ಲಿ ಕಂಡದ್ದು ಹೀಗೆ: ಚಿಕ್ಕಂದಿನಿಂದ ಕಂಪ್ಯೂಟರ್ ಕೆದಕಿದ್ದ ಹುಡುಗರ ಮಾತು ಕೇಳಿಯೇ ಹುಡುಗಿಯರು ತಮಗೆ ಬುದ್ಧಿ ಸಾಲದು ಅಂದುಕೊಳ್ಳುತ್ತಿದ್ದರು. ಪ್ರವೇಶಕ್ಕೆ ಹಳೆಯ ಪ್ರೋಗ್ರಾಮಿಂಗ್ ಅನುಭವ ಕೇಳುವುದನ್ನು ಕಡಿಮೆ ಮಾಡಿ, ಹೊಸಬರಿಗೆ ಅವರ ಮಟ್ಟದಿಂದಲೇ ಕಲಿಸತೊಡಗಿದ ಮೇಲೆ ಚಿತ್ರ ಬದಲಾಯಿತು. ಪಕ್ಕದ ಬೆಂಚಿನವನು ನಿಮಗಿಂತ ಮುಂದಿದ್ದಾನೆ ಎಂದರೆ ಅವನು ಮೊದಲು ಶುರುಮಾಡಿದ್ದಾನೆ ಎಂದಷ್ಟೇ ಅರ್ಥ. ಅದನ್ನು ನಿಮ್ಮ ಸಾಮರ್ಥ್ಯದ ಅಳತೆಯಾಗಿ ಹಿಡಿಯಬೇಡಿ.

ಹೇಗೆ ಮಾಡುವುದು?

1. ಕಾರಣಗಳ ಪಟ್ಟಿ ಬರೆಯಿರಿ, ಪಕ್ಕದಲ್ಲಿ ಹೆಸರು ಮತ್ತು ಇಸವಿ ಹಾಕಿ

ಒಂದು ಹಾಳೆಯಲ್ಲಿ, ಕಂಪ್ಯೂಟರ್ ಯಾಕೆ ಬೇಕು ಎಂಬುದಕ್ಕೆ ನಿಮ್ಮ ಎಲ್ಲ ಕಾರಣಗಳನ್ನೂ ಬರೆಯಿರಿ. ಪ್ರತಿಯೊಂದರ ಎದುರಿಗೆ ಅದು ಯಾರಿಂದ ಬಂತು, ಅವರ ಅನುಭವ ಯಾವ ಕಾಲದ್ದು ಎಂದು ಗುರುತು ಹಾಕಿ. ‘ಕೋಡಿಂಗ್ ಬಂದರೆ ಸಾಕು, ಕಂಪನಿಯವರೇ ಕರೆದುಕೊಂಡು ಹೋಗ್ತಾರೆ’ ಎಂದ ಮಾವ 2000ದ ಸುಮಾರಿಗೆ ಕೆಲಸಕ್ಕೆ ಸೇರಿದವರಾಗಿರಬಹುದು. ಆಗ ಇಸವಿ 2000ಕ್ಕೆ ದಾಟುವಾಗ ಕಂಪ್ಯೂಟರುಗಳಲ್ಲಿ ತಾರೀಖು ತಪ್ಪುವ ವೈ2ಕೆ ಸಮಸ್ಯೆಯಿಂದಾಗಿ ಪ್ರೋಗ್ರಾಮರುಗಳಿಗೆ ಎಲ್ಲಿಲ್ಲದ ಬೇಡಿಕೆ ಇತ್ತು. ಅದರ ಬೆನ್ನಿಗೇ, 2000–01ರಲ್ಲಿ, ಇಂಟರ್ನೆಟ್ ಕಂಪನಿಗಳ ಡಾಟ್‌ಕಾಂ ಕುಸಿತ ಬಂತು. ಎರಡೆರಡು ಆಫರ್ ಸಿಕ್ಕಿತ್ತು ಎನ್ನುವ ಅಕ್ಕ 2021ರ ಬ್ಯಾಚಿನವಳಾಗಿದ್ದರೆ ಅದು ಕೋವಿಡ್ ನಂತರದ ನೇಮಕಾತಿಯ ಭರಾಟೆಯ ಕಾಲ. 2023ರಿಂದ ನೇಮಕಾತಿ ನಿಧಾನವಾಯಿತು, ಕೈಯಲ್ಲಿ ಆಫರ್ ಲೆಟರ್ ಇದ್ದವರೂ ತಿಂಗಳುಗಟ್ಟಲೆ ಕಾದರು. ಮಾವ ಹೇಳಿದ್ದೂ ನಿಜ, ಅಕ್ಕ ಹೇಳಿದ್ದೂ ನಿಜ, ಆದರೆ ಅವರವರ ವರ್ಷದ ಮಟ್ಟಿಗೆ ನಿಜ. ನೀವು ಕೆಲಸ ಹುಡುಕುವುದು ಇವತ್ತಿನಿಂದ ಮೂರು ನಾಲ್ಕು ವರ್ಷದ ಮೇಲೆ.

ಪಟ್ಟಿಯಲ್ಲಿ ‘ನಾನೇ ಮಾಡಿ ನೋಡಿದೆ, ಹಿಡಿಸಿತು’ ಎಂಬ ಒಂದು ಸಾಲಾದರೂ ಇದೆಯೇ ಎಂದು ನೋಡಿ. ಬಹುಪಾಲು ಪಟ್ಟಿಗಳಲ್ಲಿ ಅದು ಇರುವುದಿಲ್ಲ. ಆ ಸಾಲನ್ನು ಸೇರಿಸುವುದಕ್ಕೇ ಮುಂದಿನ ಹಂತ.

2. ಒಂದು ಸಣ್ಣ ಲೆಕ್ಕವನ್ನು ಕೊನೆಮುಟ್ಟಿಸಿ

ಕೊಂಚ ಪೈಥಾನ್ ಕಲಿತು, ಅಥವಾ ಅದೂ ಬೇಡವೆಂದರೆ ಕಾಗದ ಪೆನ್ನಿನಲ್ಲೇ, ಈ ಸಮಸ್ಯೆ ಬಿಡಿಸಿ ನೋಡಿ. ಕಂಕನಾಡಿಯ ಒಂದು ಪಿಜಿ ಕೋಣೆಯಲ್ಲಿ ನಾಲ್ವರು ಹುಡುಗಿಯರಿದ್ದಾರೆ. ಜೂನ್ ತಿಂಗಳ ಕರೆಂಟ್ ಬಿಲ್ 2,040 ರೂಪಾಯಿ. ಮೂವರು ಇಡೀ ತಿಂಗಳು ಇದ್ದರು, ಒಬ್ಬಳು 12 ದಿನ ಇದ್ದು ಊರಿಗೆ ಹೋದಳು. ಯಾರು ಎಷ್ಟು ಕೊಡಬೇಕು?

ಇದು ಸುಲಭ. ಮೂವರದು 90 ದಿನ, ಹೋದವಳದು 12, ಒಟ್ಟು 102. ದಿನಕ್ಕೆ 20 ರೂಪಾಯಿ. ಮೂವರು ತಲಾ 600, ಹೋದವಳು 240. ಬಿಲ್ ಸರಿಯಾಗಿ ಹಂಚಿಹೋಗುತ್ತದೆ. ಹತ್ತು ಸಾಲಿನ ಪ್ರೋಗ್ರಾಂ ಸಾಕು.

ಈಗ 20ನೇ ತಾರೀಖಿಗೆ ಹೊಸಬಳೊಬ್ಬಳು ಬಂದಳು ಎನ್ನಿ. ಅವಳು ಇದ್ದದ್ದು 10 ದಿನವೋ 11 ದಿನವೋ? ಬಂದ ದಿನವನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ನೀವೇ ತೀರ್ಮಾನಿಸಬೇಕು, ಕಂಪ್ಯೂಟರ್ ತಾನಾಗಿ ತೀರ್ಮಾನಿಸುವುದಿಲ್ಲ. ಹಿಡಿದರೆ 11, ಒಟ್ಟು 113 ದಿನ. 2,040ನ್ನು 113ರಿಂದ ಭಾಗಿಸಿದರೆ ಪೈಸೆ ಉದ್ದಕ್ಕೆ ಬಾಲ ಬಿಡುತ್ತದೆ. ಎರಡು ದಶಮಾಂಶಕ್ಕೆ ಸರಿಮಾಡಿದಾಗ ಮೂವರಿಗೆ ತಲಾ 541.59, ಹೋದವಳಿಗೆ 216.64, ಬಂದವಳಿಗೆ 198.58. ಕೂಡಿಸಿ: 2,039.99. ಒಂದು ಪೈಸೆ ಎಲ್ಲಿ ಹೋಯಿತು?

ನಾಲ್ಕೈದು ಮಂದಿಯ ಪಿಜಿಯಲ್ಲಿ ಆ ಪೈಸೆಯನ್ನು ಯಾರೂ ಕೇಳುವುದಿಲ್ಲ. ಲಕ್ಷಾಂತರ ಖಾತೆಗಳಿಗೆ ಬಡ್ಡಿ ಹಾಕುವ ಬ್ಯಾಂಕಿನ ಸಾಫ್ಟ್‌ವೇರಿನಲ್ಲಿ ಕೇಳಲೇಬೇಕಾಗುತ್ತದೆ. ಆ ಪೈಸೆ ಯಾರ ಲೆಕ್ಕಕ್ಕೆ ಸೇರಬೇಕು, ಬಿಲ್ಲಿನ ಜಾಗದಲ್ಲಿ ಯಾರಾದರೂ ಅಂಕಿಯ ಬದಲು ಅಕ್ಷರ ಒತ್ತಿದರೆ ಏನು ಮಾಡಬೇಕು, ತಿಂಗಳಿಗೆ 31 ದಿನ ಇದ್ದರೆ, ಎಲ್ಲರೂ ರಜೆಗೆ ಹೋಗಿ ಒಟ್ಟು ದಿನ ಸೊನ್ನೆಯಾದರೆ ಏನಾಗುತ್ತದೆ? ಕಂಪ್ಯೂಟರ್ ಕ್ಷೇತ್ರದ ದಿನನಿತ್ಯದ ಕೆಲಸದಲ್ಲಿ ದೊಡ್ಡ ಪಾಲು ಇಂಥ ಪ್ರಶ್ನೆಗಳದ್ದೇ. ಜಾಹೀರಾತುಗಳಲ್ಲಿ ಕಾಣುವ ರೋಬಾಟು, ಹೊಳೆಯುವ ಪರದೆಗಳ ಹಿಂದೆ ಯಾರೋ ಒಬ್ಬರು ಕೂತು ಆ ಒಂದು ಪೈಸೆಯನ್ನು ಹುಡುಕುತ್ತಿರುತ್ತಾರೆ.

ಇಲ್ಲಿ ಉತ್ತರಕ್ಕಿಂತ ನಿಮ್ಮನ್ನು ನೀವು ಗಮನಿಸುವುದು ಮುಖ್ಯ. ಪೈಸೆ ತಪ್ಪಿದ್ದು ಕಂಡಾಗ ‘ಛೆ, ಸಾಕು’ ಅನ್ನಿಸಿತೇ, ಅಥವಾ ಊಟಕ್ಕೆ ಕರೆದರೂ ಏಳದೆ ಇನ್ನೊಮ್ಮೆ ನೋಡುವ ಅನ್ನಿಸಿತೇ? ಮೊದಲ ದಿನ ಬೇಸರ ಎಲ್ಲರಿಗೂ ಬರುತ್ತದೆ, ಆದ್ದರಿಂದ ಒಂದೇ ಲೆಕ್ಕ ನೋಡಿ ತೀರ್ಮಾನಿಸಬೇಡಿ. ನಗರದ ಬಸ್ಸಿನ ಸ್ಟೇಜ್ ದರ, ಮನೆಯ ಅಡಿಕೆ ಮಾರಾಟದ ಲೆಕ್ಕ, ತಂಗಿಯ ಹಾಜರಾತಿ ಶೇಕಡಾವಾರು ಹೀಗೆ ನಿಮಗೆ ಗೊತ್ತಿರುವ ಬದುಕಿನಿಂದಲೇ ನಾಲ್ಕೈದು ಸಮಸ್ಯೆ ಹುಡುಕಿ ಮುಗಿಸಿ.

ಎಐ ಸಹಾಯ ಪಡೆಯಬಹುದೇ? ಮೊದಲ ಸುತ್ತಿನಲ್ಲಿ ಬೇಡ. ನಿಮ್ಮದು ಮುಗಿದ ಮೇಲೆ ಅದೇ ಸಮಸ್ಯೆಯನ್ನು ಅದಕ್ಕೆ ಕೊಟ್ಟು, ಒಂದು ಪೈಸೆಯ ವಿಚಾರವನ್ನು ಅದು ಗಮನಿಸಿದೆಯೇ ಎಂದು ಪರೀಕ್ಷಿಸಿ.

3. ಎಂಟು ವಾರ ಒಂದು ಉಚಿತ ಕೋರ್ಸ್

ಐಐಟಿಗಳೂ ಬೆಂಗಳೂರಿನ ಐಐಎಸ್ಸಿಯೂ ಸೇರಿ ನಡೆಸುವ ಎನ್‌ಪಿಟೆಲ್‌ನಲ್ಲಿ ಪ್ರೋಗ್ರಾಮಿಂಗ್ ಕೋರ್ಸುಗಳಿವೆ. ಪಾಠಕ್ಕೆ ಹಣವಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಹೊಸಬರು 8 ವಾರದ ಕೋರ್ಸೊಂದನ್ನು ಆರಿಸಿಕೊಳ್ಳಿ. ವಾರದ ಅಸೈನ್‌ಮೆಂಟುಗಳನ್ನು ಗಡುವಿನೊಳಗೆ ಕೊಡುವುದೇ ಇಲ್ಲಿಯ ನಿಜವಾದ ಪರೀಕ್ಷೆ. ವಿಡಿಯೊ ನೋಡುತ್ತಾ ಹೋದರೆ ಎಲ್ಲವೂ ತಿಳಿದಂತೆ ಅನ್ನಿಸುತ್ತದೆ, ಖಾಲಿ ಪರದೆಯ ಮುಂದೆ ಕೂತಾಗ ಒಂದು ಸಾಲೂ ಹೊಳೆಯುವುದಿಲ್ಲ. ಇದಕ್ಕಾಗಿ ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕಾಗಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಸಂಜೆ ಒಂದು ಗಂಟೆ ಕೇಳಿ ಪಡೆಯಿರಿ, ಅದೂ ಇಲ್ಲದಿದ್ದರೆ ಮೊಬೈಲಿನ ಬ್ರೌಸರಿನಲ್ಲೇ ಪೈಥಾನ್ ಓಡಿಸಬಹುದು.

4. ಕೆಲಸದಲ್ಲಿರುವವರನ್ನು ಸರಿಯಾದ ಪ್ರಶ್ನೆ ಕೇಳಿ

ಎರಡರಿಂದ ಐದು ವರ್ಷ ಅನುಭವ ಇರುವವರನ್ನು ಹುಡುಕಿ. ಇಪ್ಪತ್ತು ವರ್ಷದವರು ಈಗ ಮ್ಯಾನೇಜರ್ ಆಗಿರುತ್ತಾರೆ, ಅವರ ದಿನ ಮೀಟಿಂಗಿನಲ್ಲಿ ಕಳೆಯುತ್ತದೆ. ಮಂಗಳೂರು, ಉಡುಪಿಗಳಲ್ಲೇ ಇನ್ಫೋಸಿಸ್, ಕಾಗ್ನಿಜೆಂಟ್‌ನಂಥ ದೊಡ್ಡ ಕಂಪನಿಗಳೂ ಹತ್ತಾರು ಸಣ್ಣ ಕಂಪನಿಗಳೂ ಇರುವುದರಿಂದ ನಿಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿ ಒಬ್ಬರಾದರೂ ಸಿಗುತ್ತಾರೆ. ಸಂಬಳ ಎಷ್ಟು ಎಂದು ಶುರುಮಾಡಬೇಡಿ. ಹೀಗೆ ಕೇಳಿ: ‘ಅಣ್ಣಾ, ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಕೆಲಸ ಮಾಡಿದ್ರಿ?’ ‘ಸೇರಿದ ಮೊದಲ ಆರು ತಿಂಗಳು ಏನು ಕೊಟ್ಟರು?’ ‘ಕಾಲೇಜಲ್ಲಿ ಕಲಿತದ್ದರಲ್ಲಿ ಯಾವುದು ಕೆಲಸಕ್ಕೆ ಬಂತು?’ ‘ರಾತ್ರಿ ಪಾಳಿ ಇದೆಯಾ?’ ಬರುವ ಉತ್ತರ ಹೆಚ್ಚಾಗಿ ಒಂದೇ ಬಗೆಯದು: ಬೇರೆಯವರು ಬರೆದ ಕೋಡ್ ಓದುವುದು, ತಪ್ಪು ಹುಡುಕುವುದು, ಟೆಸ್ಟ್ ಮಾಡುವುದು, ಗ್ರಾಹಕರಿಗೆ ಇಂಗ್ಲಿಷಿನಲ್ಲಿ ವಿವರಿಸುವುದು. ಕೇಳಿದ ಮೇಲೂ ಮನಸ್ಸು ಹಿಂಜರಿಯದಿದ್ದರೆ ಒಳ್ಳೆಯ ಲಕ್ಷಣ.

ಊರಲ್ಲೇ ಕೆಲಸ ಬೇಕೆನ್ನುವವರು ಈ ಮಾತುಕತೆಯಲ್ಲೇ ಅದನ್ನೂ ವಿಚಾರಿಸಿ. ‘ಬಿಯಾಂಡ್ ಬೆಂಗಳೂರು’ ಯೋಜನೆಯಡಿ ರಾಜ್ಯ ಸರಕಾರ ಮಂಗಳೂರನ್ನು ಒಂದು ಐಟಿ ಕೇಂದ್ರವಾಗಿ ಬೆಳೆಸಲು ಹೊರಟಿದೆ. ಅವಕಾಶ ಹೆಚ್ಚುತ್ತಿದೆ, ಆದರೂ ಹೊಸಬರ ಕೆಲಸಗಳಲ್ಲಿ ಹೆಚ್ಚಿನವು ಇನ್ನೂ ಬೆಂಗಳೂರಿನಲ್ಲೇ ಇವೆ. ಮೊದಲ ಕೆಲಸಕ್ಕೆ ಊರು ಬಿಡಲು ಸಿದ್ಧರಿದ್ದೀರಾ ಎಂದು ಈಗಲೇ ಮನೆಯಲ್ಲಿ ಮಾತಾಡಿಕೊಳ್ಳುವುದು ಒಳ್ಳೆಯದು.

5. ಪ್ಲೇಸ್‌ಮೆಂಟ್ ಅಂಕಿಯನ್ನು ಬಿಡಿಸಿ ಓದಿ

ಪಂಪ್‌ವೆಲ್‌ನಿಂದ ಮೂಡುಬಿದಿರೆಯವರೆಗೆ ಫ್ಲೆಕ್ಸುಗಳಲ್ಲಿ ಕಾಣುವುದು ಅತಿ ಹೆಚ್ಚಿನ ಪ್ಯಾಕೇಜ್. ಅದು ಒಬ್ಬರದು. ಹತ್ತು ಮಂದಿಯಲ್ಲಿ ಒಬ್ಬನಿಗೆ ವರ್ಷಕ್ಕೆ 40 ಲಕ್ಷ, ಉಳಿದ ಒಂಬತ್ತು ಮಂದಿಗೆ ತಲಾ 3.5 ಲಕ್ಷ ಸಿಕ್ಕಿದರೆ ಸರಾಸರಿ 7.15 ಲಕ್ಷ. ಆ ಸರಾಸರಿಯಷ್ಟು ಸಂಬಳ ಹತ್ತರಲ್ಲಿ ಯಾರಿಗೂ ಇಲ್ಲ. ಆದ್ದರಿಂದ ಕಾಲೇಜಿನವರನ್ನು ಕೇಳಬೇಕಾದದ್ದು: ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ನಿಲ್ಲುವ ವಿದ್ಯಾರ್ಥಿಗೆ ಎಷ್ಟು? ಬ್ಯಾಚಿನಲ್ಲಿ ಒಟ್ಟು ಎಷ್ಟು ಮಂದಿ, ಅವರಲ್ಲಿ ಪ್ಲೇಸ್‌ಮೆಂಟಿಗೆ ಹೆಸರು ಕೊಡಲು ಅರ್ಹರಾದವರು ಎಷ್ಟು? ಹೇಳುತ್ತಿರುವ ಸಂಖ್ಯೆ ಆಫರುಗಳದೋ, ಕೆಲಸ ಸಿಕ್ಕಿದ ವಿದ್ಯಾರ್ಥಿಗಳದೋ? ಒಬ್ಬಳಿಗೇ ಮೂರು ಆಫರ್ ಬಂದರೆ ಅದು ಮೂರು ಎಂದು ಎಣಿಕೆಯಾಗುತ್ತದೆ. ಆಫರ್ ಬಂದವರಲ್ಲಿ ನಿಜವಾಗಿ ಸೇರಿದವರೆಷ್ಟು?

ಪ್ಯಾಕೇಜ್ ಎಂದು ಹೇಳುವ ಸಿಟಿಸಿಯೂ ಕೈಗೆ ಬರುವ ಸಂಬಳವೂ ಬೇರೆ ಬೇರೆ. ಕಂಪನಿ ಕಟ್ಟುವ ಭವಿಷ್ಯನಿಧಿ, ಗ್ರಾಚ್ಯುಟಿ, ವಿಮೆ, ಸಾಧನೆ ನೋಡಿ ಕೊಡುವ ಬೋನಸ್ ಎಲ್ಲವೂ ಅದರೊಳಗೆ ಸೇರಿರುತ್ತವೆ. ವರ್ಷಕ್ಕೆ 3.6 ಲಕ್ಷ ಎಂದಾಕ್ಷಣ ತಿಂಗಳಿಗೆ 30 ಸಾವಿರ ಎಂದು ಸಾಲದ ಕಂತು ಲೆಕ್ಕ ಹಾಕಬೇಡಿ, ಬೆಂಗಳೂರಿನ ಪಿಜಿ ಬಾಡಿಗೆಯನ್ನೂ ಅದರಲ್ಲೇ ಕಳೆಯಬೇಕು.

6. ದಾರಿ ಒಂದೇ ಅಲ್ಲ

ಬಿಇ ಕಂಪ್ಯೂಟರ್ ಸಾಯನ್ಸ್ ಸಿಗದಿದ್ದರೆ ಬಾಗಿಲು ಮುಚ್ಚಿತು ಎಂದು ಅಳುವವರಿದ್ದಾರೆ. ಬಿಸಿಎ ಮೂರು ವರ್ಷ, ಅದರ ಮೇಲೆ ಎಂಸಿಎ ಈಗ ಎರಡೇ ವರ್ಷ (2020–21ಕ್ಕೆ ಮೊದಲು ಮೂರಿತ್ತು). 2024–25ರಿಂದ ಬಿಸಿಎ ಕೂಡ ತಾಂತ್ರಿಕ ಶಿಕ್ಷಣದ ನಿಯಂತ್ರಣ ಮಂಡಳಿಯಾದ ಎಐಸಿಟಿಇ ವ್ಯಾಪ್ತಿಗೆ ಬಂದಿದೆ, ಸೇರುವ ಕಾಲೇಜಿಗೆ ಆ ಅನುಮೋದನೆ ಇದೆಯೇ ನೋಡಿಕೊಳ್ಳಿ. ಎಸ್ಸೆಸ್ಸೆಲ್ಸಿ ನಂತರ ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್‌ನಂಥಲ್ಲಿ ಡಿಪ್ಲೊಮಾ ಮಾಡಿದವರು ತಮಗಾಗಿಯೇ ಇರುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಕಾಮರ್ಸ್, ಕಲಾ ವಿಭಾಗದಿಂದ ಬಿಸಿಎಗೆ ಬರುವವರು ಒಂದು ವಿಷಯ ಗಮನಿಸಿ: ಮುಂದೆ ಎಂಸಿಎಗೆ ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿರಬೇಕೆಂದು ಕೇಳುವ ಕಡೆಗಳಿವೆ. ಸೇರುವ ಮೊದಲೇ ಆ ನಿಯಮ ಓದಿಕೊಳ್ಳಿ.

ನನ್ನ ಮಟ್ಟಿಗೆ, ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟಿನಲ್ಲಿ ಬಿಇ ಓದುವುದಕ್ಕಿಂತ ಒಳ್ಳೆಯ ಕಾಲೇಜಿನ ಬಿಸಿಎ, ಎಂಸಿಎ ದಾರಿ ಎಷ್ಟೋ ಮನೆಗಳಿಗೆ ಹೊಂದುತ್ತದೆ. ಮೂರು ವರ್ಷದ ಹೊತ್ತಿಗೆ ನಿಲ್ಲಿಸಿ ಕೆಲಸಕ್ಕೆ ಹೋಗುವ ಅವಕಾಶವೂ ಅದರಲ್ಲಿದೆ.

ಎಚ್ಚರಿಕೆಗಳು

ಒಂದು ಶಾಖೆಗೆ ಇಂತಿಷ್ಟೇ ಸೀಟು ಎಂಬ ಮಿತಿಯನ್ನು ಎಐಸಿಟಿಇ 2024ರಿಂದ ಸಡಿಲಿಸಿದೆ. ಕಂಪ್ಯೂಟರ್ ಸೀಟುಗಳು ಹೆಚ್ಚಿದಂತೆ ಪ್ರವೇಶದ ಹೊತ್ತಿನ ಸ್ಪರ್ಧೆ ಕಡಿಮೆಯಾಗಿ, ಅದೇ ಸ್ಪರ್ಧೆ ನಾಲ್ಕು ವರ್ಷ ಬಿಟ್ಟು ಕೆಲಸದ ಹೊತ್ತಿನಲ್ಲಿ ಎದುರಾಗುತ್ತದೆ. ಸೀಟು ಸುಲಭವಾಗಿ ಸಿಕ್ಕಿತೆಂದು ನಿಶ್ಚಿಂತೆಯಿಂದ ಕೂರಬೇಡಿ.

‘ನೂರು ಶೇಕಡಾ ಕೆಲಸ ಗ್ಯಾರಂಟಿ’ ಎನ್ನುವ ತರಬೇತಿ ಕೇಂದ್ರಕ್ಕೆ ಹಣ ಕಟ್ಟುವ ಮೊದಲು ಕರಾರುಪತ್ರವನ್ನು ಮನೆಗೆ ತಂದು ಪೂರ್ತಿ ಓದಿ. ಕೆಲಸ ಸಿಗದಿದ್ದರೆ ಹಣ ವಾಪಸ್ ಎಂಬ ಮಾತು ಬಾಯಲ್ಲಿ ಮಾತ್ರ ಇದೆಯೇ, ಬರಹದಲ್ಲೂ ಇದೆಯೇ? ಕಂತಿನಲ್ಲಿ ಕಟ್ಟಬಹುದು ಎಂದರೆ ನಿಮ್ಮ ಹೆಸರಿನಲ್ಲಿ ಸಾಲ ತೆಗೆಯುತ್ತಿದ್ದಾರೆಯೇ ಎಂದು ವಿಚಾರಿಸಿ. ಕೆಲಸ ಕೊಡುವ ಹೆಸರಿನಲ್ಲಿ ಡಿಪಾಸಿಟ್ ಕೇಳಿದರೆ ಅಲ್ಲಿಂದ ಎದ್ದು ಬನ್ನಿ, ನಿಜವಾದ ಕಂಪನಿ ನೇಮಕಾತಿಗೆ ಹಣ ತೆಗೆದುಕೊಳ್ಳುವುದಿಲ್ಲ. ಬಾಂಡ್ ಬರೆಸಿಕೊಳ್ಳುವ ಕಂಪನಿಯಾದರೆ ಎಷ್ಟು ವರ್ಷ, ಬಿಟ್ಟರೆ ಎಷ್ಟು ಕಟ್ಟಬೇಕು ಎಂಬುದನ್ನು ಸಹಿ ಹಾಕುವ ಮೊದಲು ಹಿರಿಯರಿಗೆ ತೋರಿಸಿ. ಮೂಲ ಅಂಕಪಟ್ಟಿಗಳನ್ನು ಯಾರ ಕೈಗೂ ಒತ್ತೆಯಾಗಿ ಕೊಡಬೇಡಿ.

ಎಐಯಿಂದ ಕೆಲಸವೇ ಇಲ್ಲವಾಗುತ್ತದೆಯೇ ಎಂಬ ಭಯ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಪ್ರತಿ ಮನೆಯಲ್ಲೂ ಇದೆ. ಹೊಸಬರಿಗೆ ಕೊಡುತ್ತಿದ್ದ ಸುಲಭದ ಕೋಡ್ ಬರೆಯುವ ಕೆಲಸವನ್ನು ಅದು ಮಾಡುತ್ತಿದೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಬರೆದ ಕೋಡ್ ಸರಿಯಿದೆಯೇ ಎಂದು ಹೇಳಬಲ್ಲವರು, ಗ್ರಾಹಕನಿಗೆ ಏನು ಬೇಕೆಂದು ಬಿಡಿಸಿ ಕೇಳಬಲ್ಲವರು ಬೇಕೇ ಬೇಕು. ಬರೇ ಡಿಗ್ರಿಗಾಗಿ ಸೇರುವವರಿಗೆ ಕಾಲ ಕಠಿಣವಾಗಿದೆ, ಕಲಿಯಲೆಂದೇ ಸೇರುವವರಿಗೆ ಹೆದರಬೇಡಿ ಎನ್ನುತ್ತೇನೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಶಾಖೆಯ ಹೆಸರಿಗೆ ಮರುಳಾಗುವುದು. ಎಐ, ಡೇಟಾ ಸಾಯನ್ಸ್, ಸೈಬರ್ ಸೆಕ್ಯುರಿಟಿ ಎಂಬ ಹೆಸರುಗಳು ಬೇರೆಯಾದರೂ ಮೊದಲ ವರ್ಷಗಳ ಪಾಠದಲ್ಲಿ ಬಹುಪಾಲು ಒಂದೇ. ಹೆಸರಿಗಿಂತ ಆ ವಿಭಾಗದಲ್ಲಿ ಕಲಿಸುವವರು ಎಷ್ಟು ವರ್ಷದಿಂದ ಇದ್ದಾರೆ, ಲ್ಯಾಬ್ ಸಂಜೆ ತೆರೆದಿರುತ್ತದೆಯೇ ಎಂದು ವಿಚಾರಿಸಿ.

ಸಿಇಟಿ ಆಪ್ಷನ್ ಎಂಟ್ರಿಯಲ್ಲಿ ‘ಸಿಗಬಹುದಾದ್ದನ್ನು’ ಮೇಲೆ ಬರೆಯುವುದು. ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬಂದು, ನಿಮ್ಮ ರ್‍ಯಾಂಕಿಗೆ ಮೊದಲು ಹೊಂದುವ ಸೀಟನ್ನು ಕೊಡುತ್ತಾರೆ. ಆದ್ದರಿಂದ ನಿಮಗೆ ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಿರಿ, ಸಿಗಲಾರದು ಎಂಬ ಹೆದರಿಕೆಯಿಂದ ಕೆಳಕ್ಕೆ ತಳ್ಳಬೇಡಿ.

ಗೇಮ್ ಆಡುವ ಹುಚ್ಚನ್ನು ಕಂಪ್ಯೂಟರ್ ಆಸಕ್ತಿ ಎಂದು ತಿಳಿಯುವುದು. ಆಟ ಹೇಗೆ ಕೆಲಸ ಮಾಡುತ್ತದೆ ಎಂದು ಮಗ ಕೆದಕುತ್ತಿದ್ದರೆ ಅದು ಬೇರೆ ಮಾತು.

ಇಂಗ್ಲಿಷ್ ಬಾರದು ಎಂದು ಹಿಂಜರಿಯುವುದು. ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮತ್ತೆ ಮತ್ತೆ ಬರುವ ಪದಗಳು ಕೆಲವೇ ಡಜನ್. ತಪ್ಪು ತೋರಿಸುವ ಸಂದೇಶಗಳೂ ಒಂದೇ ಬಗೆಯವು, ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದ ಅರ್ಥದೊಂದಿಗೆ ಬರೆದಿಟ್ಟುಕೊಂಡರೆ ಬೇಗ ಹಿಡಿತಕ್ಕೆ ಬರುತ್ತವೆ. ಮಾತಾಡುವ ಇಂಗ್ಲಿಷ್ ಬೇಕಾಗುವುದು ಇಂಟರ್‌ವ್ಯೂ ಹೊತ್ತಿಗೆ. ಅದಕ್ಕೆ ಮೂರು ವರ್ಷ ಸಮಯವಿದೆ, ಮೊದಲ ದಿನದಿಂದ ಅಭ್ಯಾಸ ಶುರುಮಾಡಿ.

ಓದಿದ ವಿಷಯವೇ ಹಣೆಬರಹ ಎಂದುಕೊಳ್ಳುವುದು. ನಾವು ಇವತ್ತು ಕನ್ನಡ ಬೆರಳಚ್ಚು ಮಾಡುವ ಕೀಲಿಮಣೆ ವಿನ್ಯಾಸ ಕೊಟ್ಟ ನಾಡೋಜ ಕೆ.ಪಿ. ರಾವ್ ಮಂಗಳೂರು ಸಮೀಪದ ಕಿನ್ನಿಕಂಬಳ ಮೂಲದವರು. ಅವರು ಪದವಿಯಲ್ಲಿ ಓದಿದ್ದು ರಸಾಯನಶಾಸ್ತ್ರ. ಮುದ್ರಣ ಮತ್ತು ಲಿಪಿಗಳ ಮೇಲಿನ ಆಸಕ್ತಿಯೇ ಅವರನ್ನು ಕಂಪ್ಯೂಟರಿನ ಕಡೆಗೆ ತಂದಿತು.

ಈಗಾಗಲೇ ಸೇರಿದ್ದು, ಹಿಡಿಸುತ್ತಿಲ್ಲವಾದರೆ

ಮೊದಲ ವರ್ಷದಲ್ಲಿ ಪ್ರೋಗ್ರಾಮಿಂಗ್ ಕಷ್ಟವೆನ್ನಿಸಿದರೆ ಅದು ಹೊಸತನದ ಕಷ್ಟ, ಒಂದು ವರ್ಷ ಸಮಯ ಕೊಡಿ. ಎರಡನೇ ವರ್ಷದ ಕೊನೆಗೂ ಕೋಡ್ ಬರೆಯಲು ಕೂತರೆ ಹೊಟ್ಟೆ ಹಿಂಡುವಂತಾದರೆ, ಅದೇ ಪದವಿಯಿಂದ ತೆರೆಯುವ ಬೇರೆ ಕೆಲಸಗಳತ್ತ ನೋಡಿ. ಟೆಸ್ಟಿಂಗ್, ಡೇಟಾ ವಿಶ್ಲೇಷಣೆ, ತಾಂತ್ರಿಕ ಬರವಣಿಗೆ, ಗ್ರಾಹಕ ಬೆಂಬಲ, ಆಸ್ಪತ್ರೆ ಮತ್ತು ಬ್ಯಾಂಕುಗಳ ಐಟಿ ವಿಭಾಗ, ಆ್ಯಪ್‌ಗಳ ವಿನ್ಯಾಸ. ಬ್ಯಾಂಕ್ ಹಾಗೂ ಸರಕಾರಿ ಪರೀಕ್ಷೆಗಳಲ್ಲಿ ಎಷ್ಟೋ ಪರೀಕ್ಷೆಗಳಿಗೆ ಯಾವುದೇ ಪದವಿ ಸಾಕು.

ಮನೆಯಲ್ಲಿ ಹೇಳುವಾಗ ‘ನನಗೆ ಆಗುವುದಿಲ್ಲ’ ಎಂದಷ್ಟೇ ಹೇಳಿದರೆ ಜಗಳಕ್ಕೆ ದಾರಿಯಾಗುತ್ತದೆ. ‘ಅಪ್ಪಾ, ಎರಡು ತಿಂಗಳು ಇದನ್ನು ಮಾಡಿ ನೋಡಿದೆ, ಇಷ್ಟು ಮುಗಿಸಿದೆ, ಇಲ್ಲಿ ನಿಂತೆ. ಬದಲಿಗೆ ಇದನ್ನು ಮಾಡಬೇಕೆಂದಿದ್ದೇನೆ, ಖರ್ಚು ಇಷ್ಟು, ಈ ಕೋರ್ಸ್ ಮಾಡಿದ ಇಬ್ಬರ ಹತ್ತಿರ ಮಾತಾಡಿದ್ದೇನೆ’ ಎಂದು ಒಂದು ಹಾಳೆಯಲ್ಲಿ ಬರೆದು ಮುಂದಿಡಿ. ಮಾಡಿ ನೋಡಿ ಹಿಡಿಸಿದವರೂ ಹೀಗೆಯೇ ಹೇಳಿ. ಮಗಳು ಸುಮ್ಮನೆ ಎಲ್ಲರ ಹಿಂದೆ ಓಡುತ್ತಿಲ್ಲ ಎಂದು ತಿಳಿದರೆ ಫೀಸು ಕಟ್ಟುವ ಅಪ್ಪ ಅಮ್ಮನಿಗೂ ಧೈರ್ಯ ಬರುತ್ತದೆ.